ಬ್ರೆಡ್ ಹಿಟ್ಟಿಗೆ ಸಕ್ಕರೆ ಎಷ್ಟು ಬೇಕು?



ಮನೆಯಲ್ಲಿ ಬ್ರೆಡ್ ಮಾಡಲು ಶುರುಮಾಡಿದವರಿಂದ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದಿದೆ: "ಹಿಟ್ಟು ಉಬ್ಬುತ್ತಿಲ್ಲ, ಇನ್ನೊಂದು ಚಮಚ ಸಕ್ಕರೆ ಹಾಕಿಬಿಡಲೇ?" ಯೀಸ್ಟಿಗೆ ಸಕ್ಕರೆಯೇ ಆಹಾರ, ಆಹಾರ ಹೆಚ್ಚಿದರೆ ಅದು ಚುರುಕಾಗುತ್ತದೆ ಎನ್ನುವ ಲೆಕ್ಕ ಇದರ ಹಿಂದಿದೆ. ಈ ಲೆಕ್ಕದಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಹಿಟ್ಟು ಹಾಳಾಗುತ್ತದೆ, ಮಾಡಿದವರ ಉತ್ಸಾಹವೂ ಕುಗ್ಗುತ್ತದೆ. ಹಾಗಾಗಿ ಯೀಸ್ಟು, ಸಕ್ಕರೆ, ಸಮಯ ಈ ಮೂರರ ನಂಟು ಹೇಗಿದೆ ಎಂದು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ಒಣ ಯೀಸ್ಟನ್ನು ಅಂಗೈ ಮೇಲೆ ಸುರಿದು ನೋಡಿ. ಮಾಸಲು ಕಂದು ಬಣ್ಣದ ಸಣ್ಣ ಹರಳುಗಳು. ನೋಡಿದರೆ ಜೀವವಿದೆ ಎನ್ನಿಸುವುದಿಲ್ಲ. ಆದರೆ ಅದರ ಒಂದು ಗ್ರಾಮಿನಲ್ಲಿ ನೂರಾರು ಕೋಟಿ ಜೀವಕೋಶಗಳು ಸುಪ್ತವಾಗಿರುತ್ತವೆ. ಇದು ಶಿಲೀಂಧ್ರ, ಅಂದರೆ ಅಣಬೆಯ ಬಳಗಕ್ಕೆ ಸೇರಿದ ಜೀವಿ. ವಿಜ್ಞಾನಿಗಳು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎನ್ನುತ್ತಾರೆ. ಪ್ರಾಣಿಮೂಲದ್ದು ಇರಬಹುದೇ ಎಂದು ಕೆಲವರು ಅನುಮಾನಪಡುತ್ತಾರೆ. ಅಲ್ಲ. ನಂಬಿಕೆಯ ಕಾರಣಕ್ಕೆ ಬೇಡ ಎನ್ನುವವರ ಮಾತು ಬೇರೆ, ಅದನ್ನು ಗೌರವಿಸೋಣ.

ಈ ಜೀವಕೋಶಕ್ಕೆ ನೀರು, ಬೆಚ್ಚನೆಯ ವಾತಾವರಣ, ಸಕ್ಕರೆ ಸಿಕ್ಕಿತೆಂದರೆ ಕೆಲಸ ಶುರು. ಗ್ಲೂಕೋಸಿನ ಒಂದೊಂದು ಅಣುವನ್ನೂ ಒಡೆದು ಎರಡು ಅಣು ಇಂಗಾಲದ ಡೈಆಕ್ಸೈಡ್, ಎರಡು ಅಣು ಆಲ್ಕೋಹಾಲ್ ಹೊರಹಾಕುತ್ತದೆ. ಈ ಆಲ್ಕೋಹಾಲಿನ ಹೆಚ್ಚಿನ ಭಾಗ ಓವನ್ನಿನ ಬಿಸಿಗೆ ಆವಿಯಾಗಿ ಹೋಗುತ್ತದೆ. ನಮಗೆ ಮುಖ್ಯವಾಗಿ ಬೇಕಾದದ್ದು ಅನಿಲ. ಇಲ್ಲೊಂದು ಸ್ವಾರಸ್ಯವಿದೆ: ಯೀಸ್ಟು ಹಿಟ್ಟಿನಲ್ಲಿ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ನಾವು ನಾದುವಾಗ ಹಿಟ್ಟಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನೇ ಅದರ ಅನಿಲ ದೊಡ್ಡದು ಮಾಡುತ್ತದೆ. ಆ ಅನಿಲವನ್ನು ಹಿಡಿದಿಡುವುದು ಗೋಧಿಯ ಗ್ಲೂಟೆನ್. ಸರಿಯಾಗಿ ನಾದದ ಹಿಟ್ಟಿಗೆ ಎಷ್ಟು ಯೀಸ್ಟು ಸುರಿದರೂ ಬ್ರೆಡ್ ಹಗುರಾಗದಿರುವುದು ಇದಕ್ಕೇ.

ಇಷ್ಟನ್ನು ತಿಳಿಯಲು ಮನುಷ್ಯನಿಗೆ ಶತಮಾನಗಳೇ ಹಿಡಿದವು. ಹಾಲೆಂಡಿನ ಲೇವೆನ್‌ಹುಕ್ 1680ರಲ್ಲಿ ತನ್ನ ಸೂಕ್ಷ್ಮದರ್ಶಕದ ಕೆಳಗೆ ಯೀಸ್ಟಿನ ಉರುಟು ಕಣಗಳನ್ನು ಕಂಡ. ಅವಕ್ಕೆ ಜೀವವಿದೆ ಎಂದು ಅವನಿಗೆ ಹೊಳೆಯಲಿಲ್ಲ. ಹುದುಗುವಿಕೆ ಜೀವಂತ ಯೀಸ್ಟಿನ ಕೆಲಸ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳ ಮೂಲಕ ಗಟ್ಟಿಮಾಡಿದರು. ಆಮೇಲಿನ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ರಸ ತೆಗೆದರು. ಆ ರಸ ಕೆಡದೆ ಉಳಿಯಲಿ ಎಂದು ಅದಕ್ಕೆ ಸಕ್ಕರೆ ಬೆರೆಸಿಟ್ಟರು. ನೋಡನೋಡುತ್ತ ರಸದಿಂದ ಗುಳ್ಳೆಗಳು ಏಳತೊಡಗಿದವು. ಜೀವಕೋಶ ಒಡೆದುಹೋಗಿದ್ದರೂ ಅದರೊಳಗಿನ ಕಿಣ್ವಗಳು ಸಕ್ಕರೆಯನ್ನು ಹುದುಗಿಸುತ್ತಿದ್ದವು. 1897ರಲ್ಲಿ ಪ್ರಕಟವಾದ ಈ ಶೋಧಕ್ಕೆ 1907ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಜೀವರಸಾಯನ ವಿಜ್ಞಾನದ ಒಂದು ಮುಖ್ಯ ಬಾಗಿಲು ತೆರೆದದ್ದು ಯೀಸ್ಟು ಮತ್ತು ಸಕ್ಕರೆಯ ಈ ಭೇಟಿಯಲ್ಲಿ.

ನಮ್ಮ ಕರಾವಳಿಗೂ ಈ ನಂಟು ಹಳೆಯದು. ಪೋರ್ಚುಗೀಸರು ಗೋವಾಕ್ಕೆ ಗೋಧಿ ಬ್ರೆಡ್ ತಂದಾಗ ಅಲ್ಲಿ ಯೀಸ್ಟು ಸಿಗುತ್ತಿರಲಿಲ್ಲ. ತೆಂಗಿನ ಶೇಂದಿಯಿಂದಲೇ ಹಿಟ್ಟು ಹುದುಗಿಸಿದರು. ಶೇಂದಿಯಲ್ಲಿ ಯೀಸ್ಟು ತಾನಾಗಿಯೇ ಬೆಳೆಯುತ್ತದೆ, ಸಕ್ಕರೆಯೂ ಅದರಲ್ಲೇ ಇರುತ್ತದೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸನ್ನಾಸಿನ ಅಕ್ಕಿ ಹಿಟ್ಟು ಹುದುಗುವುದೂ ಹೀಗೆಯೇ. ಈಗ ಒಳ್ಳೆಯ ಶೇಂದಿ ಸಿಗದ ಮನೆಗಳಲ್ಲಿ ಅದರ ಬದಲು ಯೀಸ್ಟು ಮತ್ತು ಸಕ್ಕರೆ ಹಾಕುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಕ್ಕರೆ ಹಾಕದಿದ್ದರೆ ಹಿಟ್ಟು ಉಬ್ಬುವುದಿಲ್ಲವೇ? ಖಂಡಿತ ಉಬ್ಬುತ್ತದೆ. ಗೋಧಿ ಹಿಟ್ಟಿನಲ್ಲೇ ಅಮೈಲೇಸ್ ಎಂಬ ಕಿಣ್ವವಿದೆ. ಹಿಟ್ಟಿಗೆ ನೀರು ಬಿದ್ದ ಕೂಡಲೇ ಅದು ಪಿಷ್ಟವನ್ನು ನಿಧಾನವಾಗಿ ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡಿಕೊಡುತ್ತದೆ. ಯೀಸ್ಟು ಅದನ್ನು ತಿಂದು ಬದುಕಬಲ್ಲದು. ಫ್ರಾನ್ಸಿನಲ್ಲಿ ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್ ಎಂದು ಹೆಸರಿಟ್ಟು ಮಾರಬೇಕಾದರೆ ಅದರಲ್ಲಿ ಏನಿರಬೇಕೆಂದು 1993ರ ಸೆಪ್ಟೆಂಬರಿನ ಸರ್ಕಾರಿ ಆದೇಶ ಗೊತ್ತುಮಾಡಿದೆ. ಗೋಧಿ ಹಿಟ್ಟು, ನೀರು, ಉಪ್ಪು, ಹುದುಗಿಸಲು ಯೀಸ್ಟು ಅಥವಾ ಹುಳಿಹಿಟ್ಟು ಅದರ ಮೂಲ ಸಾಮಗ್ರಿ. ಸಕ್ಕರೆಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ನಾವು ಸಕ್ಕರೆ ಏಕೆ ಹಾಕುತ್ತೇವೆ? ಮೂರು ಕಾರಣಕ್ಕೆ. ಒಂದು, ಪಿಷ್ಟ ಒಡೆದು ಮಾಲ್ಟೋಸ್ ಆಗುವವರೆಗೆ ಯೀಸ್ಟಿಗೆ ಕೂಡಲೇ ಸಿಗುವ ಆಹಾರ ಅದು. ಯೀಸ್ಟಿನ ಇನ್ವರ್ಟೇಸ್ ಕಿಣ್ವ ನಮ್ಮ ಸಕ್ಕರೆಯನ್ನು ಬೇಗನೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಎರಡು, ಯೀಸ್ಟು ತಿಂದು ಉಳಿದ ಸಕ್ಕರೆ ಬ್ರೆಡ್ಡಿನ ಮೇಲ್ಮೈಗೆ ಹೊಂಬಣ್ಣ, ಪರಿಮಳ ತರುತ್ತದೆ. ಮೂರು, ಅದು ತೇವ ಹಿಡಿದಿಡುವುದರಿಂದ ಬ್ರೆಡ್ ಮರುದಿನವೂ ಮೆತ್ತಗಿರುತ್ತದೆ. ಈ ಮೂರಕ್ಕೂ ಸ್ವಲ್ಪ ಸಕ್ಕರೆ ಸಾಕು.

ಎಷ್ಟು ಸ್ವಲ್ಪ? ಬೇಕರಿಯವರ ಲೆಕ್ಕ ಕಲಿತರೆ ಇದು ಸುಲಭ. ಅವರು ಹಿಟ್ಟಿನ ತೂಕವನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದರ ಶೇಕಡಾವಾರು ಹೇಳುತ್ತಾರೆ. ಸಕ್ಕರೆ ಶೇಕಡಾ 2ರಿಂದ 5ರವರೆಗೆ ಇದ್ದರೆ ಯೀಸ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಶೇಕಡಾ 10 ದಾಟಿತೆಂದರೆ ಅದೇ ಸಕ್ಕರೆ ಯೀಸ್ಟನ್ನು ಕಟ್ಟಿಹಾಕುತ್ತದೆ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟಾಗ ಅದು ನೀರು ಬಿಟ್ಟು ಸುಕ್ಕಾಗುವುದನ್ನು ನೋಡಿದ್ದೀರಿ. ಸಕ್ಕರೆ ಮಿತಿಮೀರಿದ ಹಿಟ್ಟಿನಲ್ಲಿ ಯೀಸ್ಟಿನ ಕೋಶಕ್ಕೂ ಅದೇ ಗತಿ. ಒಳಗಿನ ನೀರು ಹೊರಗೆ ಹೋಗಿ ಕೋಶ ಬಳಲುತ್ತದೆ. ಆದ್ದರಿಂದ ಉಬ್ಬದ ಹಿಟ್ಟಿಗೆ ಇನ್ನೊಂದು ಚಮಚ, ಮತ್ತೊಂದು ಚಮಚ ಎಂದು ಸಕ್ಕರೆ ಸೇರಿಸಬೇಡಿ.

ಐರ್ಲೆಂಡಿನಲ್ಲಿ ಈ ಶೇಕಡಾವಾರು ಲೆಕ್ಕ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಲ್ಲಿನ ಹಳೆಯ ತೆರಿಗೆ ಕಾನೂನಿನ ಪ್ರಕಾರ, ತೆರಿಗೆ ವಿನಾಯಿತಿ ಸಿಗುವ ಬ್ರೆಡ್ಡಿನಲ್ಲಿ ಸಕ್ಕರೆ ಹಿಟ್ಟಿನ ತೂಕದ ಶೇಕಡಾ 2 ಮೀರುವಂತಿರಲಿಲ್ಲ. ಒಂದು ದೊಡ್ಡ ಸ್ಯಾಂಡ್‌ವಿಚ್ ಸರಣಿಯ ಬ್ರೆಡ್ಡಿನಲ್ಲಿ ಅದು ಶೇಕಡಾ 10 ಇತ್ತು. ಅದು ಕಾನೂನು ಹೇಳುವ ಬ್ರೆಡ್ ಅಲ್ಲ ಎಂದು 2020ರಲ್ಲಿ ತೀರ್ಪು ಬಂತು.

ಸಿಹಿ ಬನ್ನಿನ ಮಾತು ಬೇರೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಬೇಕರಿಗಳು ನಮ್ಮ ನಾಡಿನ ತುಂಬ ಬನ್ನಿನ ರುಚಿ ಹಬ್ಬಿಸಿವೆ. ಮನೆಯಲ್ಲಿ ಸಿಹಿ ಬನ್ ಮಾಡುವಾಗ ಸಕ್ಕರೆ ಶೇಕಡಾ 15, 20ರವರೆಗೂ ಹೋಗಬಹುದು. ಆಗ ಒಂದು ಉಪಾಯ ಮಾಡಿ. ಅರ್ಧ ಹಿಟ್ಟು, ನೀರು, ಯೀಸ್ಟನ್ನು ಸಕ್ಕರೆಯಿಲ್ಲದೆ ಕಲಸಿ ಒಂದು ಗಂಟೆ ಬಿಡಿ. ಯೀಸ್ಟು ಬಲಿತು ನೊರೆ ಎದ್ದ ಮೇಲೆ ಉಳಿದ ಹಿಟ್ಟು, ಸಕ್ಕರೆ, ಬೆಣ್ಣೆ ಸೇರಿಸಿ ನಾದಿ. ಅಷ್ಟು ಹೊತ್ತಿಗೆ ಯೀಸ್ಟು ಆ ಸಕ್ಕರೆಯನ್ನು ತಾಳಿಕೊಳ್ಳಬಲ್ಲದು. ಸಿಹಿ ಹಿಟ್ಟಿಗೆಂದೇ ಬೆಳೆಸಿದ ಯೀಸ್ಟಿನ ತಳಿಯೂ ಮಾರುಕಟ್ಟೆಯಲ್ಲಿದೆ.

ಈಗ ಒಂದು ಸಾದಾ ಬ್ರೆಡ್ಡಿನ ಅಳತೆ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಮೈದಾ 400 ಗ್ರಾಂ. ನೀರು 240ರಿಂದ 260 ಮಿಲಿಲೀಟರ್. ಸಕ್ಕರೆ 12 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ಉಪ್ಪು 7 ಗ್ರಾಂ. ಇನ್‌ಸ್ಟಂಟ್ ಯೀಸ್ಟು 4 ಗ್ರಾಂ, ಅಂದರೆ ಒಂದೂಕಾಲು ಟೀ ಚಮಚ. ಎಣ್ಣೆ ಅಥವಾ ಬೆಣ್ಣೆ 20 ಗ್ರಾಂ. ಇಲ್ಲಿ ಸಕ್ಕರೆ ಶೇಕಡಾ 3 ಆಯಿತು. ಬ್ರೆಡ್ಡನ್ನು 14 ಹೋಳು ಮಾಡಿದರೆ ಒಂದು ಹೋಳಿಗೆ ಒಂದು ಗ್ರಾಂ ಕೂಡ ಬರುವುದಿಲ್ಲ, ಅದರಲ್ಲೂ ಒಂದು ಪಾಲನ್ನು ಯೀಸ್ಟು ತಿಂದಿರುತ್ತದೆ.

ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೇ ಬೆರೆಸಬಹುದು. ದಪ್ಪ ಹರಳಿನ ಆಕ್ಟಿವ್ ಡ್ರೈ ಯೀಸ್ಟು ಆದರೆ 5 ಗ್ರಾಂ ತೆಗೆದುಕೊಂಡು ಮೊದಲು ನೀರಿನಲ್ಲಿ ಎಬ್ಬಿಸಬೇಕು. ಯಾವ ಯೀಸ್ಟೇ ಆಗಲಿ, ಪೊಟ್ಟಣ ಒಡೆದು ಬಹಳ ದಿನವಾಗಿದ್ದರೆ ಈ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಒಂದು ಲೋಟದಲ್ಲಿ ಅಳತೆಯ ನೀರಿನಿಂದಲೇ 100 ಮಿಲಿಲೀಟರ್ ತೆಗೆದುಕೊಳ್ಳಿ. ಅದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಲಿ. ಮುಂಗೈ ಮೇಲೆ ಒಂದು ಹನಿ ಬಿಟ್ಟರೆ ಬೆಚ್ಚಗೆನ್ನಿಸಬೇಕು, ಚುರ್ ಎನ್ನಬಾರದು. 60 ಡಿಗ್ರಿಯ ನೀರಿಗೆ ಬಿದ್ದ ಯೀಸ್ಟು ಸತ್ತಂತೆಯೇ. ಆ ನೀರಿಗೆ ಅರ್ಧ ಟೀ ಚಮಚ ಸಕ್ಕರೆ, ಯೀಸ್ಟು ಹಾಕಿ ಕಲಕಿ ಮುಚ್ಚಿಡಿ. ಮೊದಲು ಹರಳುಗಳು ಕರಗಿ ನೀರು ಕದಡುತ್ತದೆ. ಆಮೇಲೆ ಅಂಚಿನ ಸುತ್ತ ಸೂಜಿಮೊನೆಯ ಗಾತ್ರದ ಗುಳ್ಳೆಗಳು ಕಾಣಿಸುತ್ತವೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೇಲೆ ಕೆನೆಬಣ್ಣದ ನೊರೆ ಕಟ್ಟಿ, ಲೋಟದ ಬಾಯಿಗೆ ಮೂಗು ತಂದರೆ ಹುದುಗಿನ ವಾಸನೆ ಬರುತ್ತದೆ. ಅಲ್ಲಿಗೆ ಯೀಸ್ಟು ಜೀವಂತ ಎಂದು ಖಾತ್ರಿ. ಹದಿನೈದು ನಿಮಿಷವಾದರೂ ನೊರೆ ಬಾರದಿದ್ದರೆ ಮೈದಾಕ್ಕೆ ಸೇರಿಸಬೇಡಿ, ಹೊಸ ಪೊಟ್ಟಣ ತನ್ನಿ. ಸತ್ತ ಯೀಸ್ಟನ್ನು ಸಕ್ಕರೆ ಬದುಕಿಸಲಾರದು.

ಹಿಟ್ಟನ್ನು ಮೊದಲು ಒರಟಾಗಿ ಕಲಸಿ ಒಂದು ಹತ್ತು ನಿಮಿಷ ಬಿಡಿ. ಉಪ್ಪು ಯೀಸ್ಟಿನ ಮೇಲೇ ಬೀಳದಂತೆ ನೋಡಿಕೊಳ್ಳಿ. ಆಮೇಲೆ ಅಂಗೈಯ ಬುಡದಿಂದ ಒತ್ತಿ, ಮಡಿಚಿ, ತಿರುಗಿಸಿ, ಮತ್ತೆ ಒತ್ತಿ ಸುಮಾರು ಹತ್ತು ನಿಮಿಷ ನಾದಿ. ಮೊದಮೊದಲು ಕೈಗೆ ಅಂಟುತ್ತದೆ. ಆಗ ಒಣ ಹಿಟ್ಟು ಉದುರಿಸುವ ಆತುರ ಬೇಡ. ನಾದುತ್ತ ಹೋದಂತೆ ಅಂಟು ತಾನಾಗಿ ಬಿಡುತ್ತದೆ. ನಿಂಬೆ ಗಾತ್ರದ ಉಂಡೆ ತೆಗೆದು ಬೆರಳುಗಳಿಂದ ಮೆಲ್ಲಗೆ ಎಳೆದರೆ, ಹರಿಯದೆ ಬೆಳಕು ತೂರುವಷ್ಟು ತೆಳ್ಳಗೆ ಹರಡಬೇಕು. ಅನಿಲ ಹಿಡಿಯುವ ಶಕ್ತಿ ಆ ಹಿಟ್ಟಿಗೆ ಬಂದಿದೆ ಎಂದರ್ಥ.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. "ಒಂದು ಗಂಟೆ ಬಿಡಿ" ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಅದು ಯಾವ ಊರಿನ ಗಂಟೆ? ಅಡುಗೆಮನೆ 27, 28 ಡಿಗ್ರಿ ಇದ್ದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಹಿಟ್ಟು ಎರಡರಷ್ಟಾಗುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಎರಡೂವರೆ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಉಕ್ಕಿಬಿಡುತ್ತದೆ. ಬೇಗ ಉಬ್ಬಿದ್ದು ಒಳ್ಳೆಯದೇ ಎಂದುಕೊಳ್ಳಬೇಡಿ. ಅತಿ ಬಿಸಿಯಲ್ಲಿ ಹುದುಗಿದ ಹಿಟ್ಟಿಗೆ ಕಮಟು ವಾಸನೆ, ಹುಳಿ ಬರುತ್ತದೆ. ಬಿಸಿಲಿನ ಊರಿನವರು ತಣ್ಣೀರಿನಲ್ಲಿ ಕಲಸಿ, ಯೀಸ್ಟನ್ನು ಅರ್ಧಕ್ಕೆ ಇಳಿಸಿ. ಚಳಿಯ ಊರಿನವರು ಬೆಚ್ಚನೆಯ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಓವನ್ನಿನೊಳಗೆ ಬರಿಯ ದೀಪ ಹಚ್ಚಿ ಇಡಿ. ಎರಡೂ ಕಡೆ ಸಕ್ಕರೆಯ ಅಳತೆಯನ್ನು ಮುಟ್ಟುವುದು ಬೇಡ. ಕರಾವಳಿಯ ಮಳೆಗಾಲದಲ್ಲಿ ತೆರೆದ ಪೊಟ್ಟಣದ ಯೀಸ್ಟು ತೇವ ಹೀರಿ ಸಾಯುತ್ತದೆ, ಅದನ್ನು ಗಾಳಿಯಾಡದ ಸೀಸೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ಸಮಯವಾಯಿತೇ ಎಂದು ಗಡಿಯಾರ ನೋಡುವ ಬದಲು ಹಿಟ್ಟನ್ನು ಮುಟ್ಟಿ ನೋಡಿ. ಮೈದಾ ಸವರಿದ ಬೆರಳನ್ನು ಅರ್ಧ ಇಂಚು ಒತ್ತಿ ತೆಗೆಯಿರಿ. ಗುಳಿ ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮಾತ್ರ ಮೇಲೆ ಬಂದರೆ ಹದವಾಗಿದೆ. ಗುಳಿ ಹಾಗೆಯೇ ಉಳಿದು ಸುತ್ತಲಿನ ಹಿಟ್ಟು ಕುಸಿದರೆ ಹೊತ್ತು ಮೀರಿದೆ. ಹದವಾದ ಹಿಟ್ಟಿನ ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆದು, ಸುರುಳಿ ಸುತ್ತಿ, ಒಂಬತ್ತು ಇಂಚು ಉದ್ದ ಐದು ಇಂಚು ಅಗಲದ ಟಿನ್ನಿನಲ್ಲಿಡಿ. ಟಿನ್ನಿನ ಅಂಚಿಗಿಂತ ತುಸು ಮೇಲೆ ಬಂದಾಗ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 30ರಿಂದ 35 ನಿಮಿಷ ಬೇಯಿಸಿ. ಸಕ್ಕರೆ ಹೆಚ್ಚಿರುವ ಹಿಟ್ಟು ಬೇಗ ಕೆಂಪಾಗುತ್ತದೆ, ಅದಕ್ಕೆ 180 ಡಿಗ್ರಿ ಸಾಕು. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ಬಿಸಿಯಲ್ಲಿ ಕೊಯ್ದರೆ ಒಳಗೆ ಹಸಿಹಸಿಯಾಗಿ ಅಂಟುತ್ತದೆ.

ಸಕ್ಕರೆಯ ಬದಲು ಬೇರೆ ಹಾಕಬಹುದೇ ಎಂದೂ ಕೇಳುತ್ತಾರೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ಬಣ್ಣ ಮತ್ತು ಪರಿಮಳ ಎರಡೂ ಚೆನ್ನ. ಜೇನುತುಪ್ಪವೂ ಆಗುತ್ತದೆ, ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗಲೇ ಬೇರೆಯಾಗಿರುತ್ತವೆ. ಮಧುಮೇಹಿಗಳು ಬಳಸುವ ಕೃತಕ ಸಿಹಿ ಯೀಸ್ಟಿನ ಹೊಟ್ಟೆ ತುಂಬಿಸುವುದಿಲ್ಲ, ಅದನ್ನು ಹಾಕುವುದಕ್ಕಿಂತ ಏನೂ ಹಾಕದಿರುವುದೇ ಲೇಸು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನೂ ಬೇಕರಿ ಯೀಸ್ಟು ತಿನ್ನಲಾರದು. ಅದು ಹಿಟ್ಟಿನಲ್ಲೇ ಉಳಿದು ಹಾಲಿನ ಬ್ರೆಡ್ಡಿಗೆ ಗಾಢ ಬಣ್ಣ ಕೊಡುತ್ತದೆ.

ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟಿನ ಬಗ್ಗೆ ಒಂದು ಮಾತು. ಕಲ್ಲಿನ ನಡುವೆ ಅರೆಯುವಾಗ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗುತ್ತವೆ. ಅಮೈಲೇಸ್ ಕಿಣ್ವ ಅವನ್ನು ಸುಲಭವಾಗಿ ಮಾಲ್ಟೋಸ್ ಮಾಡಬಲ್ಲದು. ಹಾಗಾಗಿ ನಮ್ಮ ಚಪಾತಿ ಹಿಟ್ಟಿಗೆ ಮೈದಾಕ್ಕಿಂತಲೂ ಕಡಿಮೆ ಸಕ್ಕರೆ ಸಾಕು, ನೀರು ಮಾತ್ರ ಜಾಸ್ತಿ ಬೇಕು. ತೌಡಿನ ಚೂರುಗಳು ಗ್ಲೂಟೆನ್ನಿನ ಎಳೆಯನ್ನು ಕಡಿಯುವುದರಿಂದ ಮೊದಲ ಸಲ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಬೆರೆಸಿ. ಉತ್ತರ ಕರ್ನಾಟಕದ ಖಪ್ಲಿ ಗೋಧಿಯ ಗ್ಲೂಟೆನ್ ಇನ್ನೂ ದುರ್ಬಲ, ಅದನ್ನು ಕಾಲು ಭಾಗ ಸೇರಿಸಿ. ರಾಗಿ, ಜೋಳದಲ್ಲಿ ಗ್ಲೂಟೆನ್ ಇಲ್ಲವೇ ಇಲ್ಲ, ಹತ್ತರಲ್ಲೊಂದು ಭಾಗ ಸಾಕು.

ಇಷ್ಟೆಲ್ಲ ಕಷ್ಟಪಟ್ಟು ಮನೆಯಲ್ಲೇ ಏಕೆ ಮಾಡಬೇಕು? ಬೇಕರಿಯವರ ಶ್ರಮದ ಬಗ್ಗೆ ನನಗೆ ತುಂಬ ಗೌರವವಿದೆ. ನನ್ನ ಚಿಂತೆ ಇರುವುದು ಅವಸರದ ಬಗ್ಗೆ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ಹೊಸ ವಿಧಾನವೊಂದು ಬಂತು. ಯಂತ್ರದಲ್ಲಿ ಭಾರಿ ವೇಗದಿಂದ ಹಿಟ್ಟು ಕಲಸಿ, ಹೆಚ್ಚು ಯೀಸ್ಟು ಹಾಕಿ, ಗಂಟೆಗಟ್ಟಲೆ ಹುದುಗಿಸುವ ಹಂತವನ್ನೇ ಕೈಬಿಡುವ ವಿಧಾನ ಅದು. ಹಿಟ್ಟು ಕಾಲಕ್ರಮದಲ್ಲಿ ತಾನೇ ಪಡೆಯುವ ಬಲವನ್ನು ರಾಸಾಯನಿಕಗಳಿಂದ ಕೊಡುವ ರೂಢಿಯೂ ಹಲವು ದೇಶಗಳಲ್ಲಿತ್ತು. ಅಂಥದ್ದರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಒಂದು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಬ್ರೆಡ್ಡುಗಳಲ್ಲಿ ಅದರ ಉಳಿಕೆಯ ಪ್ರಶ್ನೆ ಎತ್ತಿದ ಮೇಲೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಅದನ್ನು ನಿಷೇಧಿಸಿತು. ಹಿಟ್ಟಿಗೆ ಬೇಕಾದ ಸಮಯವನ್ನು ನಾವು ಕೊಡದಿದ್ದಾಗ ಆ ಜಾಗಕ್ಕೆ ಬೇರೇನೋ ಬಂದು ಕೂರುತ್ತದೆ. ಕಾರ್ಖಾನೆಗೆ ಅವಸರದ ಲೆಕ್ಕಾಚಾರವಿದೆ. ಮನೆಗೆ ಅದರ ಅಗತ್ಯವಿಲ್ಲ. ಕ್ರಮವಾಗಿ ಕಲಿಯುವ ಆಸೆಯಿದ್ದವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿಯೂ ಇದೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಮುಂದಿನ ಶನಿವಾರ ಸಂಜೆ ಅದೇ 400 ಗ್ರಾಂ ಮೈದಾ, 260 ಮಿಲಿಲೀಟರ್ ತಣ್ಣೀರು, 7 ಗ್ರಾಂ ಉಪ್ಪು, ಬರಿಯ 2 ಗ್ರಾಂ ಇನ್‌ಸ್ಟಂಟ್ ಯೀಸ್ಟು ತೆಗೆದುಕೊಳ್ಳಿ. ಸಕ್ಕರೆ ಒಂದು ಹರಳೂ ಬೇಡ. ನಾದಿ, ಒಂದು ಗಂಟೆ ಹೊರಗಿಟ್ಟು, ಮುಚ್ಚಳ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಆ ತಂಪಿನಲ್ಲಿ ಯೀಸ್ಟಿನ ನಡೆ ನಿಧಾನವಾಗುತ್ತದೆ, ಕಿಣ್ವಗಳು ಮಾತ್ರ ಸದ್ದಿಲ್ಲದೆ ಪಿಷ್ಟವನ್ನು ಒಡೆಯುತ್ತಲೇ ಇರುತ್ತವೆ. ಭಾನುವಾರ ಬೆಳಿಗ್ಗೆ ತೆಗೆದು ಟಿನ್ನಿಗೆ ಹಾಕಿ, ಎರಡು ಗಂಟೆ ಉಬ್ಬಲು ಬಿಟ್ಟು ಬೇಯಿಸಿ. ಆರಿದ ಮೇಲೆ ಏನನ್ನೂ ಸವರದೆ ಒಂದು ತುಂಡು ನಿಧಾನವಾಗಿ ಅಗಿದು ತಿನ್ನಿ. ಅದರಲ್ಲಿ ಮೆಲ್ಲನೆ ಒಂದು ಸಿಹಿ ಇರುತ್ತದೆ. ಅದು ಗೋಧಿಯದೇ ಸಿಹಿ. ಆ ರುಚಿ ನಾಲಿಗೆಗೆ ಹತ್ತಿದವರು ಆಮೇಲೆ ಬ್ರೆಡ್ಡಿಗೆ ಸಕ್ಕರೆ ಹಾಕುವಾಗ ಬೇಕಾದಷ್ಟೇ ಹಾಕುತ್ತಾರೆ, ಅಳತೆಯ ಚಮಚವನ್ನು ಯಾರೂ ನೆನಪಿಸಬೇಕಾಗುವುದಿಲ್ಲ.

ನಿಮ್ಮ ಮನೆಯ ಬ್ರೆಡ್ ಚೆನ್ನಾಗಿ ಬರಲಿ.